ತುಟಿ ಎತ್ತಿ ನೋಡಬಾರದು

ಉಳ್ಳೂರಿನ ಹೋಟೆಲಿನವನು ತಂದಿಟ್ಟ ನಸುಗೆಂಪು ನೀರಿನ ಲೋಟವನ್ನು ಧರಣೇಂದ್ರ ಮೊದಲು ಬೆರಳ ತುದಿಯಿಂದ ಮುಟ್ಟಿ ನೋಡಿದ. ಬೆಚ್ಚಗಿದೆ ಎಂದು ಖಾತ್ರಿಯಾದ ಮೇಲೆಯೇ ತುಟಿಗೆ ತಾಗಿಸಿದ. ಮರದ ಚಕ್ಕೆ ಹಾಕಿ ಕುದಿಸಿದ ಈ ನೀರು ಕೊಡುವ ಪದ್ಧತಿ ಈ ಕಡೆ ಇಲ್ಲದೆ ಹೋಗಿದ್ದರೆ ತನ್ನ ಗತಿ ಏನಾಗುತ್ತಿತ್ತು ಎಂದು ಅವನಿಗೆ ಆಗಾಗ ಅನ್ನಿಸುತ್ತಿತ್ತು. ತಣ್ಣೀರು ಬಾಯಿಗೆ ಬಿದ್ದರೆ ಹಲ್ಲಿನ ಬುಡದಿಂದ ಕಿವಿಯ ತನಕ ಒಂದು ಸೆಳೆತ ಓಡುತ್ತದೆ, ಮುಖ ತಾನಾಗಿಯೇ ಕಿವುಚಿಕೊಳ್ಳುತ್ತದೆ, ಎದುರು ಕೂತವರು ಏನಾಯಿತು ಎನ್ನುತ್ತಾರೆ. ಕೊಚ್ಚಿಯ ಆಡಿಟ್ ಕಚೇರಿಯಲ್ಲಿ ಯಾರಾದರೂ ನಿವೃತ್ತರಾದಾಗ ಕೊಡುವ ಐಸ್‌ಕ್ರೀಮನ್ನು ಅವನು ಮಾತನಾಡುತ್ತ ಮಾತನಾಡುತ್ತ ಕಪ್ಪಿನಲ್ಲೇ ಕರಗಿಸಿ ಪಾಯಸದಂತೆ ಕುಡಿಯುವುದನ್ನು ಕಲಿತಿದ್ದ. ಎದುರಿನ ಕುರ್ಚಿಯಲ್ಲಿ ಮಗಳು ಸಂಹಿತಾ ಇಡ್ಲಿಯನ್ನು ಸಣ್ಣಸಣ್ಣ ಚೂರು ಮಾಡಿ ಬಾಯಿಯ ಬಲಗಡೆಗೇ ಸೇರಿಸುತ್ತಿದ್ದಳು. ಹದಿನೇಳು ವರ್ಷದ ಹುಡುಗಿ ಹಲ್ಲುದುರಿದ ಮುದುಕಿಯ ಹಾಗೆ ತಿನ್ನುವುದನ್ನು ನೋಡಿ ಅವನು ಕಣ್ಣು ಬೇರೆ ಕಡೆ ಹೊರಳಿಸಿದ. ಹಾಗೆ ಹೊರಳಿಸಿದ್ದನ್ನು ಅವಳು ಕಂಡಿದ್ದಾಳೆ ಎಂದೂ ಗೊತ್ತಾಯಿತು.

"ಇನ್ನೊಂದು ಹಾಕಿಸ್ಲಾ? ಮತ್ತೆ ತಿನ್ಲಿಕ್ಕೆ ಆಗುದಿಲ್ಲ ನಿಂಗೆ."

"ಮತಿ, ಅಪ್ಪ." ಸಾಕು ಎನ್ನುವುದನ್ನೂ ಅವಳು ಮಲಯಾಳದಲ್ಲಿಯೇ ಹೇಳುತ್ತಾಳೆ. ಕನ್ನಡ ಅಷ್ಟೂ ಅರ್ಥವಾಗುತ್ತದೆ. ಆಡುವುದು ಮಾತ್ರ ಮಂಜೇಶ್ವರದ ಅಜ್ಜಿಯ ಹತ್ತಿರ, ಅದೂ ಫೋನಿನಲ್ಲಿ. ಈಗ ಕೆಲವು ತಿಂಗಳುಗಳಿಂದ ಯಾವ ಭಾಷೆಯಲ್ಲೂ ಹೆಚ್ಚು ಆಡುವುದಿಲ್ಲ. ಆಡುವಾಗ ಕೆಳತುಟಿಯನ್ನು ಮೇಲಕ್ಕೆ ಎಳೆದು ಹಿಡಿದುಕೊಳ್ಳುತ್ತಾಳೆ. ಕೆಳಸಾಲಿನ ಮುಂದಿನ ಒಂದು ಹಲ್ಲಿನ ವಸಡು ಬುಡಕ್ಕೆ ಜಾರಿ, ಆ ಹಲ್ಲು ಒಂದೇ ಉಳಿದವುಗಳಿಗಿಂತ ಉದ್ದವಾಗಿ, ಹಳದಿ ಬೇರು ಕಾಣಿಸುವಂತೆ ನಿಂತಿದೆ. ಶಾಲೆಯ ಗುಂಪು ಫೋಟೋದಲ್ಲಿ ಎಲ್ಲ ಹುಡುಗಿಯರೂ ನಗುತ್ತಿರುವಾಗ ಇವಳೊಬ್ಬಳು ಯಾರ ಮೇಲೋ ಸಿಟ್ಟು ಬಂದವಳ ಹಾಗೆ ಬಾಯಿ ಬಿಗಿದುಕೊಂಡಿದ್ದಾಳೆ. ಆ ಫೋಟೋವನ್ನು ನೋಡಿದ ದಿನ ಅವನು, ಎಲ್ಲಿ, ಬಾಯಿ ತೆರೆ ನೋಡುವ ಎಂದಿದ್ದ. ಅವಳು ತೆರೆಯಲಿಲ್ಲ. ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಅಲ್ಲಿಂದೀಚೆಗೆ ತನಗೆ ಅವಳು ಬಾಯಿ ತೋರಿಸಿಯೇ ಇಲ್ಲ. ಇವತ್ತು ಈ ಊರಿನ ಡಾಕ್ಟರಿಗೆ ತೋರಿಸುತ್ತಾಳೆ. ಅವರು ಅಂಗುಳಿನಿಂದ ಒಂದು ಚೂರು ಚರ್ಮ ತೆಗೆದು ಆ ಹಲ್ಲಿನ ಬುಡಕ್ಕೆ ಹೊಲಿಯುತ್ತಾರೆ. ಅದು ಹಿಡಿದರೆ ಹಲ್ಲು ಉಳಿಯುತ್ತದೆ. ಹಲ್ಲು ಉಳಿದರೆ ಉಳಿದದ್ದೂ ಉಳಿಯಬಹುದು ಎಂದು ಅವನು ಬೆಳಗಿನ ರೈಲಿನಲ್ಲಿ ಅವಳ ಪಕ್ಕ ಕೂತು ಯೋಚಿಸಿದ್ದ. ಯಾವುದು ಉಳಿದದ್ದು ಎಂದು ತನಗೇ ಸ್ಪಷ್ಟ ಮಾಡಿಕೊಂಡಿರಲಿಲ್ಲ.

ಅವಳನ್ನು ಇಲ್ಲಿಗೆ ಕಳುಹಿಸಿದ್ದು ಕೊಚ್ಚಿಯ ದಂತವೈದ್ಯ, ಇನ್ನೂ ಮೀಸೆ ಸರಿಯಾಗಿ ದಟ್ಟವಾಗದ ಹುಡುಗ. ಎಕ್ಸರೇ ತೆಗೆದ ಮೇಲೆ ಸಂಹಿತಾ ಬಾಯಿ ಮುಕ್ಕಳಿಸಲು ಹೋದ ಹೊತ್ತು ನೋಡಿ ಅವನು ದನಿ ತಗ್ಗಿಸಿ ಹೇಳಿದ್ದ: "ಇದು ರೋಗ ಅಲ್ಲ ಸಾರ್. ವಸಡು ತೆಳ್ಳಗಿರುವ ಮಕ್ಕಳು ಗಟ್ಟಿಯಾಗಿ ತಿಕ್ಕಿದರೆ ಹೀಗಾಗುತ್ತದೆ. ವರ್ಷಗಟ್ಟಲೆ ತಿಕ್ಕಿದ್ದಾಳೆ. ನೀವು ಸ್ವಲ್ಪ ಹೇಳಬೇಕು." ಹೇಳುತ್ತೇನೆ ಎಂದು ಧರಣೇಂದ್ರ ತಲೆ ಆಡಿಸಿದ. ಮನೆಗೆ ಬಂದ ಮೇಲೆ ಹೆಂಡತಿ ನಿರ್ಮಲ, ಎಂತ ಹೇಳಿದ್ರು ಡಾಕ್ಟ್ರು ಎಂದು ಕೇಳಿದಾಗ ಅವನ ಬಾಯಿಂದ ಬಂದದ್ದು ಬೇರೆಯೇ: "ವಂಶದಿಂದ ಬರ್ತದಂತೆ ಕೆಲವರಿಗೆ." ಸುಳ್ಳು ಎಂದು ಪೂರ್ತಿ ಹೇಳುವ ಹಾಗಿರಲಿಲ್ಲ. ತೆಳ್ಳಗಿನ ವಸಡು ವಂಶದ್ದೇ ಇರಬಹುದು. ಆದರೆ ನಿರ್ಮಲ ಕಡೆಯುತ್ತಿದ್ದ ಮಜ್ಜಿಗೆಯನ್ನು ಹಾಗೇ ನಿಲ್ಲಿಸಿ, "ನಮ್ಮಮ್ಮನಿಗೂ ನಲವತ್ತಕ್ಕೇ ಎಲ್ಲ ಹಲ್ಲು ಹೋಗಿತ್ತು. ಪಾಪ ಮಗು, ನಮ್ಮ ಕಡೆಯದ್ದೇ ಬಂತು ಅದಕ್ಕೆ," ಎಂದಳು. ಅವನು ಅಂಗಿಯ ಗುಂಡಿ ಬಿಚ್ಚುತ್ತ ನಿಂತ. ಅಲ್ಲ ಎನ್ನಲು ಒಂದು ಕ್ಷಣ ಇತ್ತು, ಅದು ಹೋಯಿತು. ಆಮೇಲೆ ದಿನವೂ ಅವಳು ಮಗಳ ತಟ್ಟೆಗೆ ಹೆಚ್ಚು ಮೊಸರು ಬಡಿಸುವಾಗ, ತನ್ನ ತಾಯಿಯ ಪಾಪಕ್ಕೆ ತಾನು ಪ್ರಾಯಶ್ಚಿತ್ತ ಮಾಡಿಕೊಳ್ಳುವವಳಂತೆ ಅವಳ ಹಿಂದೆ ಮುಂದೆ ತಿರುಗುವಾಗ, ಅವನು ಪತ್ರಿಕೆಯನ್ನು ಮುಖಕ್ಕೆ ಹತ್ತಿರ ಹಿಡಿದುಕೊಳ್ಳುತ್ತಿದ್ದ.

ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ ಒಂದು ಫ್ಯಾನು, ಒಂದು ಮೀನಿನ ತೊಟ್ಟಿ, ಗೋಡೆಯಲ್ಲಿ ಹಲ್ಲು ಕಾಣಿಸಿ ನಗುವ ಮಗುವಿನ ಚಿತ್ರ. ಸಂಹಿತಾ ಮೀನು ನೋಡುತ್ತ ಕೂತಳು. ಅವಳು ಚಿಕ್ಕವಳಿದ್ದಾಗ ಫೋರ್ಟ್ ಕೊಚ್ಚಿಯ ಬಾಡಿಗೆ ಮನೆಯ ಬಚ್ಚಲಿನಲ್ಲಿ, ಬೇಸಿನ್ ಎಟುಕಲಿ ಎಂದು ಮಣೆಯ ಮೇಲೆ ನಿಲ್ಲಿಸಿದ ಮಗು ಹೀಗೆಯೇ ತೂತಿನೊಳಕ್ಕೆ ಸುತ್ತಿ ಹೋಗುವ ನೀರನ್ನು ನೋಡುತ್ತಿತ್ತು. ಉಮಿ ಸುಟ್ಟ ಮಸಿಗೆ ಉಪ್ಪು ಬೆರೆಸಿ ಮೊದಲು ಬೆರಳಲ್ಲಿ, ಆಮೇಲೆ ಗಟ್ಟಿ ಬ್ರಷ್ಷಿನಲ್ಲಿ ಅವನೇ ತಿಕ್ಕಿಸುತ್ತಿದ್ದ. ಬಾಯಿ ತೊಳೆದ ಮೇಲೆ ಅವನು ತನ್ನ ಒದ್ದೆ ತೋರುಬೆರಳನ್ನು ಅವಳ ಮುಂದಿನ ಹಲ್ಲುಗಳ ಮೇಲೆ ಎಳೆಯುತ್ತಿದ್ದ. ಕೀಚ್ ಎಂದು ಸದ್ದು ಬಂದರೆ ಹಲ್ಲು ಶುದ್ಧ. ಬರದಿದ್ದರೆ ಇನ್ನೊಮ್ಮೆ. ಮಗು ಮೊದಮೊದಲು ಆ ಸದ್ದಿಗೆ ನಗುತ್ತಿತ್ತು, ಅಪ್ಪಾ ಇಲಿ ಎನ್ನುತ್ತಿತ್ತು. ಎಷ್ಟನೆಯ ತರಗತಿಯಲ್ಲಿ ನಗು ನಿಂತಿತು? ಅವಳು ಬಚ್ಚಲ ಬಾಗಿಲು ಹಾಕಿಕೊಳ್ಳಲು ತೊಡಗಿದ ಮೇಲೂ ಅವನು ಹೊರಗೆ ಟವೆಲು ಹಿಡಿದು ನಿಂತು, "ಸದ್ದು ಕೇಳುದಿಲ್ಲ," ಎನ್ನುತ್ತಿದ್ದ. ಒಳಗಿಂದ ಬ್ರಷ್ಷಿನ ಸದ್ದು ಜೋರಾಗುತ್ತಿತ್ತು. ಒಮ್ಮೆ ಬೇಸಿನ್ನಿನಲ್ಲಿ ಗುಲಾಬಿ ಬಣ್ಣದ ನೊರೆ ಕಂಡು, ರಕ್ತ ಬರುವುದು ಕೊಳೆ ಉಳಿದಿರುವುದರಿಂದ, ಇನ್ನೂ ಗಟ್ಟಿಯಾಗಿ ತಿಕ್ಕಬೇಕು ಎಂದು ವಿವರಿಸಿದ್ದ. ವಿವರಿಸುವುದು ಅವನಿಗೆ ಚೆನ್ನಾಗಿ ಬರುತ್ತದೆ. ಕಚೇರಿಯಲ್ಲಿಯೂ ಬೇರೆಯವರು ಮೇಲಿಂದ ಮೇಲೆ ನೋಡಿ ಬಿಟ್ಟದ್ದನ್ನು ಅವನು ಕೆರೆದು ಕೆರೆದು ಹೊರತೆಗೆಯುತ್ತಾನೆ ಎಂದು ಹೆಸರಿತ್ತು.

ಅವನ ತಂದೆ ಹಾಗೇನೂ ತಿಕ್ಕಿಸಿದವರಲ್ಲ. ಮಂಜೇಶ್ವರದ ಬಸದಿಗೆ ಒಮ್ಮೆ ಮುನಿಗಳೊಬ್ಬರು ವಿಹಾರದಲ್ಲಿ ಬಂದಿದ್ದರು. ಆಹಾರ ಕೊಡುವ ಪುಣ್ಯ ಆ ದಿನ ಅವರ ಮನೆಗೆ ಸಿಕ್ಕಿ, ಮುನಿಗಳು ನಿಂತುಕೊಂಡೇ ಬೊಗಸೆಯಲ್ಲಿ ಊಟ ಮಾಡುವಾಗ ಬಾಲಕ ಧರಣೇಂದ್ರ ಬಿಸಿನೀರಿನ ಚೆಂಬು ಹಿಡಿದು ಅವರ ಮುಖಕ್ಕೆ ತೀರ ಹತ್ತಿರ ನಿಂತಿದ್ದ. ದೀಕ್ಷೆಯಾದ ಮೇಲೆ ಮುನಿಗಳು ಹಲ್ಲು ತಿಕ್ಕುವುದಿಲ್ಲ, ಅದೂ ಒಂದು ವ್ರತ, ದೇಹವನ್ನು ಚಂದ ಮಾಡುವ ಗೊಡವೆ ಅವರಿಗಿಲ್ಲ ಎಂದು ತಂದೆ ಸಂಜೆ ಹೇಳಿದರು. ಅವನು ಅದನ್ನು ದೊಡ್ಡ ವಿಷಯವೆಂದು ಮರುದಿನ ಶಾಲೆಯಲ್ಲಿ ಹೇಳಿಕೊಂಡ. ವೆಂಕಟರಮಣ ಎಂಬವನು, ಅವನಿಗಿಂತ ಒಂದು ಬೆಂಚು ಹಿಂದೆ ಕೂರುವವನು, ಎಲ್ಲರಿಗೂ ಕೇಳುವ ಹಾಗೆ, "ಹಲ್ಲುಜ್ಜದ ಸ್ವಾಮಿಯ ಶಿಷ್ಯನ ಹಲ್ಲು ಹೇಗುಂಟು ನೋಡುವನಾ? ತೆರಿ ಮಾರಾಯ ಬಾಯಿ," ಎಂದ. ಅವನು ತೆರೆದ. ಯಾಕೆ ತೆರೆದೆ ಎಂಬುದೇ ಇಷ್ಟು ವರ್ಷಗಳಾದರೂ ಅವನನ್ನು ಬಿಟ್ಟಿರಲಿಲ್ಲ. ಯಾರೂ ಹಿಡಿದು ತೆರೆಸಿದ್ದಲ್ಲ. ಹುಡುಗರು ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿ, ಮೂಗು ಹಿಡಿದು, ಹೋಗಿ ಕೂತರು. ಮರುದಿನ ಬೆಳಿಗ್ಗೆಯಿಂದ ಅವನು ಬಾವಿಕಟ್ಟೆಯ ಹತ್ತಿರ ಮಸಿ ಉಪ್ಪು ಹಿಡಿದು ಕೂತದ್ದು, ಇಲ್ಲಿಯ ತನಕ ಎದ್ದೇ ಇಲ್ಲ. ಈಗ ಮೀನಿನ ತೊಟ್ಟಿಯ ಮುಂದೆ ಆ ಮುನಿಗಳ ಬಾಯಿ ಎಂದಿಲ್ಲದ ಸ್ಪಷ್ಟತೆಯಲ್ಲಿ ನೆನಪಿಗೆ ಬಂತು. ಹಲ್ಲು ಹಳದಿಯಾಗಿತ್ತು, ಅದನ್ನಷ್ಟೇ ಅವನು ಇಷ್ಟು ಕಾಲ ಇಟ್ಟುಕೊಂಡಿದ್ದ. ಆದರೆ ವಸಡು? ತುಂಬಿಕೊಂಡು, ಹಲ್ಲಿನ ಕೊರಳ ತನಕ ಬಂದು, ಒಂದೊಂದನ್ನೂ ಹಿಡಿದುಕೊಂಡಿದ್ದ ಹಾಗೆ ಇತ್ತಲ್ಲವೆ? ಇತ್ತೋ, ಅಥವಾ ಈಗ ತನಗೆ ಅದು ಬೇಕಾಗಿದೆಯೋ ಎಂದು ಅವನಿಗೆ ತೀರ್ಮಾನಿಸಲಾಗಲಿಲ್ಲ.

ಡಾಕ್ಟರ್ ಗ್ರೇಸಿ ಐವತ್ತು ದಾಟಿದ, ದಪ್ಪ ಕನ್ನಡಕದ ಹೆಂಗಸು. ಕೊಚ್ಚಿಯ ಹುಡುಗ ವೈದ್ಯನಿಗೆ ಪಾಠ ಹೇಳಿದವರು. ಸಂಹಿತಾಳನ್ನು ಕುರ್ಚಿಯಲ್ಲಿ ಒರಗಿಸಿ, ದೀಪ ಎಳೆದು, ಬಹಳ ಹೊತ್ತು ನೋಡಿದರು. ಧರಣೇಂದ್ರ ಅವಳ ಕಾಲಿನ ಬದಿಯಲ್ಲಿ ನಿಂತಿದ್ದ. ಮಗಳ ಬಾಯಿ ಅಷ್ಟು ಅಗಲಕ್ಕೆ ತೆರೆದಿತ್ತು. ಎರಡು ಹೆಜ್ಜೆ ಮುಂದಿಟ್ಟರೆ ಅವನಿಗೂ ಕಾಣುತ್ತಿತ್ತು. ಇಡಲಿಲ್ಲ. ಅವಳ ಬಲಗೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದು ನೋವಿಗಲ್ಲ, ತಾನು ಮುಂದೆ ಬಂದೇನು ಎಂದು, ಎನ್ನಿಸಿತು.

"ಮೋಳೇ, ಎದ್ದು ಕೂತು ಇದರಲ್ಲಿ ತೋರಿಸು, ಹೇಗೆ ತಿಕ್ಕುತ್ತಿ," ಎಂದು ಡಾಕ್ಟರು ಮಗಳೇ ಎಂದು ಕರೆಯುವ ಸಲುಗೆಯಲ್ಲಿ ಅವಳ ಕೈಗೆ ಒಂದು ಬ್ರಷ್ಷು, ಪ್ಲಾಸ್ಟಿಕ್ಕಿನ ಒಂದು ದೊಡ್ಡ ದವಡೆ ಕೊಟ್ಟರು. ಸಂಹಿತಾ ಬ್ರಷ್ಷನ್ನು ಪೆನ್ನಿನಂತೆ ಹಿಡಿದು, ವಸಡಿನಿಂದ ಹಲ್ಲಿನ ಕಡೆಗೆ, ಗಿಳಿಮರಿಯ ತಲೆ ಸವರುವಷ್ಟು ಮೆತ್ತಗೆ ಆಡಿಸಿ ತೋರಿಸಿದಳು.

ಗ್ರೇಸಿ ನಕ್ಕರು. "ಇದನ್ನು ಎಲ್ಲಿ ಕಲಿತೆ? ಇಂಟರ್ನೆಟ್ಟಿನಲ್ಲಾ? ಹೀಗೆ ತಿಕ್ಕಿದ ಬಾಯಿ ಅಲ್ಲ ಇದು. ಯಾರು ಹೇಳಿಕೊಟ್ಟರು ನಿನಗೆ ಹಾಗೆ ಉಜ್ಜಲಿಕ್ಕೆ?"

"ಯಾರೂ ಇಲ್ಲ. ನಾನೇ," ಎಂದಳು ಸಂಹಿತಾ ಮಲಯಾಳದಲ್ಲಿ, ತುಟಿ ಮೇಲಕ್ಕೆಳೆದು. "ಟಿವಿಯಲ್ಲಿ ಬಿಳಿ ಹಲ್ಲು ತೋರಿಸುತ್ತಾರಲ್ಲ, ಅದು ನೋಡಿ."

ಅವಳು ಅಪ್ಪನ ಕಡೆ ನೋಡಲಿಲ್ಲ. ಧರಣೇಂದ್ರನಿಗೆ ಹೊಳೆಯಿತು: ಇಂಥ ಮಾತನ್ನು ಇವಳು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದಿದ್ದಾಳೆ. ಅಪ್ಪನ ಮರ್ಯಾದೆ ಕಾಯಲಿಕ್ಕೋ? ಅಥವಾ ಇದು ತನ್ನದು, ಇದರಲ್ಲಿ ಅಪ್ಪನಿಗೆ ಪಾಲಿಲ್ಲ ಎನ್ನಲಿಕ್ಕೋ? ಎರಡನೆಯದು ಹೆಚ್ಚು ನೋವಿನದಾಗಿ ಕಂಡಿತು. ಅವನು ಏನೋ ಹೇಳಲು ಗಂಟಲು ಸರಿಮಾಡಿಕೊಂಡ. ಆ ಸದ್ದಿಗೆ ಡಾಕ್ಟರು ತಿರುಗಿ, "ಸಾರ್ ಒಮ್ಮೆ ತೋರಿಸಿ ನೋಡುವ," ಎಂದು ಅದೇ ಬ್ರಷ್ಷನ್ನು ಅವನ ಕೈಗಿತ್ತರು.

ಮೆತ್ತಗೆ ಆಡಿಸಬೇಕು ಎಂದು ಅವನಿಗೆ ಗೊತ್ತಿತ್ತು. ಮಗಳು ಈಗಷ್ಟೇ ತೋರಿಸಿದ್ದಳು. ಆದರೆ ಕೈ ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯಿತು, ಮೊಣಕೈ ಭುಜದ ಮಟ್ಟಕ್ಕೆ ಏರಿತು, ಪ್ಲಾಸ್ಟಿಕ್ ದವಡೆ ಮೇಜಿನ ಮೇಲೆ ಅತ್ತಿತ್ತ ಜಾರತೊಡಗಿತು. ನಿಲ್ಲಿಸಬೇಕು ಎಂದುಕೊಂಡೇ ಇನ್ನೂ ಸ್ವಲ್ಪ ತಿಕ್ಕಿದ. ಗ್ರೇಸಿ ಹಲ್ಲು ನೋಡುತ್ತಿರಲಿಲ್ಲ, ಅವನ ಮೊಣಕೈ ನೋಡುತ್ತಿದ್ದರು. "ಓಣಂಗೆ ನಿಲವಿಳಕ್ಕು ಬೆಳಗುವುದು ಹೀಗೆ," ಎಂದರು. ದೇವರ ಕೋಣೆಯ ಹಿತ್ತಾಳೆ ದೀಪದ ಮಾತು. ಸಂಹಿತಾಳ ಗಂಟಲಿನಿಂದ ಪುಸಕ್ಕನೆ ಒಂದು ನಗು ಹಾರಿತು. ತುಟಿ ಹಿಡಿದುಕೊಳ್ಳಲು ಅವಳಿಗೆ ಸಮಯ ಸಿಗಲಿಲ್ಲ.

"ಸಾರೂ ಕೂತುಕೊಳ್ಳಿ. ಬಾಯಿ ತೆರೆಯಿರಿ."

"ನನಗೇನೂ ತೊಂದರೆ ಇಲ್ಲ ಡಾಕ್ಟ್ರೇ."

"ಅದನ್ನೇ ನೋಡುವ."

ಅವನು ಒರಗಿದ, ತೆರೆದ. ದೀಪ ಕಣ್ಣಿಗೆ ಬಿತ್ತು. ಕನ್ನಡಿಯ ತಣ್ಣನೆಯ ಅಂಚು ಒಂದು ಬೇರಿಗೆ ತಾಗಿ ಅವನು ಸೆಟೆದಾಗ ಗ್ರೇಸಿ ಹೂಂ ಎಂದರು. ಆಮೇಲೆ ಇನ್ನೊಂದು ಮುಖ ದೀಪದ ಬದಿಯಿಂದ ಬಗ್ಗಿತು. ಸಂಹಿತಾ. ಅವಳು ಮೂಗು ಮುಚ್ಚಲಿಲ್ಲ, ನಗಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಯ ತನಕ ನಿಧಾನವಾಗಿ ನೋಡಿದಳು. ಎಲ್ಲ ಹಲ್ಲುಗಳೂ ಉದ್ದವಾಗಿ, ಬುಡದಲ್ಲಿ ಕಚ್ಚು ಬಿದ್ದು ಸವೆದದ್ದನ್ನು. "ಅಪ್ಪಂಗೆ ಇದೆಲ್ಲ ನೋಯುತ್ತದಾ?" ಎಂದು ಡಾಕ್ಟರನ್ನು ಕೇಳಿದಳು. ಡಾಕ್ಟರು, "ನೋಯದೆ? ಐಸ್‌ಕ್ರೀಂ ತಿಂದು ಎಷ್ಟು ಕಾಲವಾಯಿತು ಎಂದು ಕೇಳು," ಎಂದರು. ಬಾಯಿ ತೆರೆದೇ ಇದ್ದ ಅವನ ಕಣ್ಣಿನ ಮೂಲೆಯಿಂದ ನೀರು ಕಿವಿಯ ಕಡೆ ಇಳಿಯಿತು. ಅದು ದೀಪದಿಂದ ಎಂದು ಇಬ್ಬರಿಗೂ ಅನ್ನಿಸಿರಬೇಕು.

ಗ್ರೇಸಿ ಕೈ ತೊಳೆಯುತ್ತ ಇಬ್ಬರಿಗೂ ಸೇರಿಸಿ ಹೇಳಿದರು. ಕೊಳೆ ಕೂತರೂ ವಸಡು ಹಿಂದೆ ಸರಿಯುತ್ತದೆ, ಅತಿಯಾಗಿ ಉಜ್ಜಿದರೂ ಸರಿಯುತ್ತದೆ. ಸರಿದದ್ದು ತಾನಾಗಿ ಮರಳಿ ಬರುವುದಿಲ್ಲ. ಸಾರಿನದ್ದಕ್ಕೆ ಹೊಲಿಗೆ ಸದ್ಯ ಬೇಡ. ಮೆತ್ತನೆ ಬ್ರಷ್ಷು, ಜುಮ್ಮೆನ್ನುವುದಕ್ಕೆ ಬೇರೆ ಪೇಸ್ಟು, ಮಸಿ ಉಪ್ಪು ಇವತ್ತಿಗೇ ಬಂದ್, ಇನ್ನಷ್ಟು ಸರಿಯುತ್ತದೋ ಎಂದು ಆರು ತಿಂಗಳಿಗೊಮ್ಮೆ ತೋರಿಸಬೇಕು. ಮೋಳದ್ದು ಮಾತ್ರ ಹಾಗೆ ಬಿಟ್ಟರೆ ಹಲ್ಲು ಸಡಿಲವಾಗುತ್ತದೆ. "ಹೊಲಿಯುವುದು ನನ್ನ ಕೆಲಸ. ಹಿಡಿಯುವುದು ಅದರ ಕೆಲಸ. ನಿಮ್ಮ ಕೆಲಸ ಸುಮ್ಮನಿರುವುದು. ಸಾರ್ ಹೊರಗೆ ಕೂತಿರಿ."

ಹೊರಗೆ ಕೂತಿದ್ದಾಗ ನಿರ್ಮಲಳ ಫೋನು ಬಂತು. ಒಳಗೆ ತೆಗೆದುಕೊಂಡರಾ, ಹೆದರಿದಳಾ, ಹೆಚ್ಚು ರಕ್ತ ಹೋಗುತ್ತದಾ ಎಂದೆಲ್ಲ ಕೇಳಿದ ಮೇಲೆ ಅವಳು ತಡೆದು ತಡೆದು, "ನಮ್ಮಮ್ಮನ ವಿಷಯ ಹೇಳಿದ್ರಾ ನೀವು ಡಾಕ್ಟ್ರಿಗೆ? ಅಲ್ಲ, ಗೊತ್ತಿದ್ರೆ ಒಳ್ಳೇದಲ್ವಾ," ಎಂದಳು.

"ಅದು ನಿಮ್ಮಮ್ಮನಿಂದ ಬಂದದ್ದಲ್ಲ ನಿರ್ಮಲ."

"ಮತ್ತೆ?"

"ಬಂದು ಹೇಳ್ತೇನೆ."

ಆ ಕಡೆಯಿಂದ ಕುಕ್ಕರಿನ ಸದ್ದು, ಕೆಳಗಿನ ರಸ್ತೆಯಲ್ಲಿ ಯಾರೋ ಮೀನು ಮಾರಲು ಕೂಗುವುದು ಕೇಳಿಸಿತು. "ಆಯ್ತು. ಅವಳಿಗೆ ಗಂಜಿ ಮಾಡಿಡ್ತೇನೆ, ಬಿಸಿ ಆರಿಸಿ," ಎಂದಳು. ಫೋನು ಇಟ್ಟ ಮೇಲೆ ಅವಳ ಆ ಆಯ್ತು ಎಂಬುದರಲ್ಲಿ ಆಶ್ಚರ್ಯ ಇತ್ತೋ ಎಂದು ಅವನು ಹುಡುಕಿದ. ಸಿಗಲಿಲ್ಲ. ಹನ್ನೆರಡು ವರ್ಷ ಬಚ್ಚಲ ಒಳಗೂ ಹೊರಗೂ ಅವನು ನಿಂತದ್ದನ್ನು ಅಡುಗೆಮನೆಯಿಂದ ನೋಡಿದವಳು ಅವಳೇ.

ಸಂಹಿತಾ ಹೊರಬಂದಾಗ ಕೆಳದವಡೆ ಒಂದು ಕಡೆ ಊದಿ, ಕಣ್ಣು ಕೆಂಪಾಗಿ, ತೀರ ಚಿಕ್ಕವಳಂತೆ ಕಂಡಳು. ಡಾಕ್ಟರು ಮಾತ್ರೆ, ಬಾಯಿ ಮುಕ್ಕಳಿಸುವ ಔಷಧ ಕೊಟ್ಟು ಅವನಿಗೇ ಮುಖ ಮಾಡಿ ಹೇಳಿದರು: "ಎರಡು ವಾರ ಆ ಜಾಗಕ್ಕೆ ಬ್ರಷ್ಷು ಮುಟ್ಟಬಾರದು."

"ಕೊಳೆ?"

"ಇರಲಿ. ಔಷಧ ಉಂಟು." ಸಂಹಿತಾಳ ಕಡೆಗೂ ತಿರುಗಿ, "ಇನ್ನೊಂದು. ತುಟಿ ಎತ್ತಿ ನೋಡಬಾರದು. ಇವಳೂ ಸೈ, ನೀವೂ ಸೈ. ಹಿಡಿಯಿತಾ ಹಿಡಿಯಿತಾ ಎಂದು ಮನೆಯವರು ಎಳೆದು ಎಳೆದು ನೋಡಿಯೇ ಬಿಟ್ಟುಹೋಗುವುದು ಹೆಚ್ಚು. ಹೊಲಿಗೆ ತೆಗೆಯುವ ದಿನ ನಾನು ನೋಡುತ್ತೇನೆ," ಎಂದರು.

"ಹಿಡಿಯದಿದ್ದರೆ?"

"ಅದೂ ಆ ದಿನವೇ ಗೊತ್ತಾಗುವುದು."

ಮಧ್ಯಾಹ್ನದ ರೈಲಿನಲ್ಲಿ ಇಬ್ಬರಿಗೂ ಅಕ್ಕಪಕ್ಕ ಜಾಗ ಸಿಕ್ಕಿತು. ಕಿಟಕಿಯ ಬದಿಗೆ ಅವಳು. ಕಳಕ್ಕೂಟಂನಲ್ಲಿ ಕೊರಳಿಗೆ ಗುರುತುಚೀಟಿ ತೂಗಿಸಿಕೊಂಡ ಹುಡುಗರು ಗದ್ದಲ ಮಾಡುತ್ತ ಹತ್ತಿದರು. ಸಂಹಿತಾ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮಾತನಾಡಬಾರದೆಂದು ಹೇಳಿದ್ದರಿಂದ ಅವಳ ಮೌನ ಇವತ್ತು ಬರಿಯ ಮೌನವಾಗಿತ್ತು, ಅದರಲ್ಲಿ ಅವನು ಓದಬೇಕಾದದ್ದು ಏನೂ ಇರಲಿಲ್ಲ. ವರ್ಕಲ ಬಿಟ್ಟ ಮೇಲೆ ಅವಳು ಮೊಬೈಲಿನಲ್ಲಿ ಏನೋ ಒತ್ತಿ ಅವನ ಮುಂದೆ ಹಿಡಿದಳು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ: ಅಪ್ಪ ನಿಂಗೆ ಯಾರು ಹಾಗೆ ತಿಕ್ಕಿಸಿದ್ದು? ಅವನು ಓದಿದ. ಹೇಳಲು ತೊಡಗಿದರೆ ಎರ್ನಾಕುಳಂ ತನಕವೂ ಮುಗಿಯದು. "ಯಾರೂ ಇಲ್ಲ," ಎಂದ. ಅವಳು ಹುಬ್ಬೇರಿಸಿ ನೋಡಿದಳು. ಬೆಳಿಗ್ಗೆ ತಾನೇ ಹೇಳಿದ ಸುಳ್ಳು ಅಪ್ಪನ ಬಾಯಿಂದ ಬಂದದ್ದಕ್ಕೆ ಇರಬೇಕು. "ಹೇಳ್ತೇನೆ. ಶಾಲೆಯಲ್ಲಿ ಒಂದು ದಿನ ನಾನು ಬಾಯಿ ತೆರೆದದ್ದು ಉಂಟು. ದೊಡ್ಡ ಕಥೆ," ಎಂದ. ಅವಳು ತಲೆಯಾಡಿಸಿ, ಕಿಟಕಿಗೆ ಒರಗಿದಳು. ಮಾತ್ರೆಯ ಮಂಪರಿಗೆ ನಿದ್ದೆ ಹತ್ತಿತು.

ಕೊಲ್ಲಂ ಬಿಟ್ಟ ಮೇಲೆ ಅವಳ ಕೈ ಸಡಿಲವಾಗಿ ಕರವಸ್ತ್ರ ಮಡಿಲಿಗೆ ಜಾರಿತು. ತಲೆ ಹಿಂದಕ್ಕೆ ವಾಲಿತ್ತು. ಮರಗಟ್ಟಿದ ಕೆಳತುಟಿ ತನ್ನ ಭಾರಕ್ಕೆ ತಾನೇ ಕೆಳಗಿಳಿದು, ಬಾಯಿ ತೆರೆದುಕೊಂಡಿತ್ತು. ಕಿಟಕಿಯ ಬಿಸಿಲು ನೇರ ಮುಖದ ಮೇಲೆ. ತುಟಿ ಎಳೆಯಬೇಕಾಗಿಯೂ ಇರಲಿಲ್ಲ. ಕುತ್ತಿಗೆಯನ್ನು ಒಂದಿಷ್ಟು ಬಾಗಿಸಿದರೆ ಸಾಕು. ಡಾಕ್ಟರು ಹೇಳಿದ್ದು ಎತ್ತಿ ನೋಡಬಾರದೆಂದು, ತಾನಾಗಿ ತೆರೆದದ್ದನ್ನು ನೋಡಬಾರದೆಂದಲ್ಲ. ಹೊಲಿಗೆ ನೇರವಾಗಿದೆಯೋ, ರಕ್ತ ನಿಂತಿದೆಯೋ, ಅಪ್ಪನಾದವನಿಗೆ ಇಷ್ಟು ತಿಳಿಯಬೇಡವೆ? ಅವನ ಕುತ್ತಿಗೆ ಆಗಲೇ ಬಾಗಲು ಹೊರಟಿತ್ತು. ನಿದ್ದೆಯಲ್ಲಿ ಅವಳ ಹುಬ್ಬಿನ ನಡುವಿನ ಗಂಟು ಬಿಚ್ಚಿಹೋಗಿದ್ದನ್ನು ಅವನು ಕಂಡ. ಯಾರೂ ತನ್ನನ್ನು ನೋಡುತ್ತಿಲ್ಲ ಎಂಬ ಭರವಸೆಯಲ್ಲಿ ಮಾತ್ರ ಮುಖ ಅಷ್ಟು ಸಡಿಲವಾಗುತ್ತದೆ.

ಅವನು ಎದ್ದ. ದಾರಿಯಲ್ಲಿ ನಿಂತಿದ್ದ ಒಬ್ಬ ಹೆಂಗಸು, ಕೈಯಲ್ಲಿ ಬಟ್ಟೆ ಅಂಗಡಿಯ ಚೀಲಗಳು, "ಇವಿಡೆ ಆಳುಂಡೋ?" ಎಂದು ಸೀಟಿಗೆ ಕೈ ತೋರಿಸಿದಳು. ಯಾರೂ ಇಲ್ಲ, ಕೂತುಕೊಳ್ಳಿ ಎಂದ. ಆಕೆ ಕೂತು ಸೆರಗು ಸರಿಮಾಡಿಕೊಂಡು ಪಕ್ಕದ ಹುಡುಗಿಯನ್ನು ನೋಡಿ, "ನಿಮ್ಮ ಮಗಳಾ? ಬಾಯಿ ತೆರೆದುಕೊಂಡಿದೆ, ಎಬ್ಬಿಸಲಾ?" ಎಂದಳು.

"ಬೇಡ. ಮಲಗಲಿ."

ಬಾಗಿಲ ಹತ್ತಿರ ಗಾಳಿ ಬೀಸುತ್ತಿತ್ತು. ರೈಲು ಹಿನ್ನೀರಿನ ಸೇತುವೆಯ ಮೇಲೆ ಹೋಗುತ್ತಿತ್ತು. ಕೆಳಗೆ ಅಗಲವಾದ ನೀರಿನಲ್ಲಿ ದೋಣಿಯೊಂದು ನಿಂತೇ ಇದ್ದ ಹಾಗೆ ಸಾಗುತ್ತಿತ್ತು. ಹಿಂದಿನಿಂದ ಆ ಹೆಂಗಸು ಯಾರಿಗೋ, ಪಾಪ, ಹಲ್ಲಿನದ್ದು ಏನೋ ಮಾಡಿಸಿದ್ದಾರೆ, ಎಂದದ್ದು ಕೇಳಿಸಿತು. ತಿರುಗಿ, ಹೇಗೆ ಕಾಣುತ್ತದೆ ಎಂದು ಕೇಳಬೇಕೆನ್ನಿಸಿತು. ಅವನು ಬಾಗಿಲಿನ ಎರಡೂ ಬದಿಯ ಸರಳುಗಳನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನೀರಿನ ಕಡೆಗೆ ಮುಖ ಮಾಡಿ ನಿಂತ.